ಕಮಲಾಪುರದ ಸೆನ್ಸಾರ್ ಮಂಡಳಿಗೆ

ಐವಾನ್-ಎ-ಶಾಹಿ, ಕಲಬುರಗಿ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ (ಈ ವಾರ ಅಷ್ಟೇನೂ ಪ್ರೀತಿಯಲ್ಲದ) ಶಾರದಾ ಅಕ್ಕಾ,

ಮೊದಲು ತಪ್ಪೊಪ್ಪಿಗೆ. ಡಿಗ್ರಿ ಕಾಲೇಜಿನಲ್ಲಿ ಕನ್ನಡ ಕಲಿಸುವ ವಿವೇಕಾನಂದನೆಂಬ ನಾನು, ನಿನ್ನೆ ಬೆಳಿಗ್ಗೆ ಪಕ್ಕದ ಮನೆಯ ಸೂರ್ಯಕಾಂತರು ಹಲ್ಲುಜ್ಜುತ್ತಿದ್ದಾಗ ಅವರ ಪೇಪರಿನಿಂದ ಟಿವಿ ಸಿನಿಮಾಗಳ ಪುಟ ಹರಿದುಕೊಂಡು ಬಂದೆ. ಹೆಸರಿನಲ್ಲಿರುವ ವಿವೇಕ ಕೈಗೆ ಇಳಿಯಲಿಲ್ಲ. ನಿನ್ನ ಮೇಲೆ ಸಿಟ್ಟಿದ್ದರೂ ಗುರುವಾರ ಬಂದರೆ ಕೈ ತಾನೇ ಆ ಪುಟಕ್ಕೆ ಹೋಗುತ್ತದೆ. ಇರಲಿ, ಮೊಣಕಾಲು ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀಯೋ, ಬಾಟಲಿಯನ್ನು ದೇವರ ಜಗಲಿಯ ಮೇಲಿಟ್ಟು ಕೈ ಮುಗಿಯುತ್ತಿದ್ದೀಯೋ? ಚಂದ್ರಶಾ ಮಾವನವರ ಕೆಮ್ಮು ಇಳಿಯಿತೇ? ಫೋನಿನಲ್ಲೇ ಕೇಳಬಹುದಿತ್ತು. ನಿನ್ನ ದನಿ ಕೇಳಿದರೆ ನನ್ನ ಸಿಟ್ಟು ಇಳಿದುಬಿಡುತ್ತದೆ, ಅದಕ್ಕೇ ಪತ್ರ.

ನನ್ನವಳು ಅಂಬಿಕಾ ದವಾಖಾನೆಯಲ್ಲಿ ತೀರಿಹೋದ ಮೇಲೆ ಈ ಪದ್ಧತಿ ಹಾಕಿದವಳು ನೀನು. ವಾರದ ಸಿನಿಮಾಗಳನ್ನು ನಾನು ಓದಿ ಹೇಳಬೇಕು, ನೀನು ಒಂದನ್ನು ಆರಿಸಬೇಕು. ಅದು ಬರುವ ಹೊತ್ತಿಗೆ, ಹೆಚ್ಚಾಗಿ ರವಿವಾರ ಮಧ್ಯಾಹ್ನ, ಕಮಲಾಪುರದಲ್ಲಿ ನೀನು, ಇಲ್ಲಿ ನಾನು ಟಿವಿ ಮುಂದೆ ಕುಳಿತು, ಜಾಹೀರಾತು ಬಂದಾಗ ಫೋನಿನಲ್ಲಿ ಮಾತಾಡಬೇಕು. ಇಬ್ಬರೂ ಮೊದಲೇ ನೋಡಿರಬಾರದು. “ಒಬ್ಬಾವ ಕುಂತು ನೋಡಬ್ಯಾಡ ತಮ್ಮಾ, ಮನಿ ನುಂಗಿದಂಗ ಆಗ್ತದ” ಅಂದಿದ್ದೆ. ಹೋದ ರವಿವಾರವೂ ಹಾಗೇ ನೋಡಿದೆವು, ಅಂದರೆ ಹಾಗೆಂದು ನಾನು ನಂಬಿದ್ದೆ. ಎರಡನೇ ಜಾಹೀರಾತಿನಲ್ಲಿ ನೀನು ಮೂಗು ಸೊರಗುಟ್ಟಿಸಿ “ನೋಡ್ತಿರು, ಆಕಿ ತವರಿಗಿ ಹೋಗಂಗಿಲ್ಲ, ಹೊಳ್ಳಿ ಬರ್ತಾಳ” ಅಂದೆ. ಬಂದಳು. ಅಕ್ಕ ಶಾಲೆ ಮೆಟ್ಟಿಲು ಹತ್ತದಿದ್ದರೂ ಕಥೆಯ ನಾಡಿ ಹಿಡಿಯುತ್ತಾಳೆ ಎಂದು ಸೋಮವಾರ ಸ್ಟಾಫ್ ರೂಮಿನಲ್ಲಿ ಎದೆಯುಬ್ಬಿಸಿ ಹೇಳಿಕೊಂಡೆ.

ಮಂಗಳವಾರ ಸೂಪರ್ ಮಾರ್ಕೆಟಿಗೆ ಹೋಗಿದ್ದೆ. ಕೆಂಪು ಬಾಳೆಹಣ್ಣು ಮಾರುವ ನಿಮ್ಮೂರ ದೌಲಪ್ಪ ಸಿಕ್ಕ. ರವಿವಾರದ ಸಿನಿಮಾ ಹೆಂಗಿತ್ತಪ್ಪಾ ಅಂದರೆ, “ಎಲ್ಲಿ ಸಿನಿಮಾರೀ ಸರ್, ಅವತ್ತು ನಮ್ಮೂರಾಗ ಕರೆಂಟೇ ಇರಲಿಲ್ಲ. ವಾಯರ್ ಎಳಿಯಾಕತ್ತಿದ್ರು. ನಿಮ್ಮಕ್ಕೋರು ಕಟ್ಟಿ ಮ್ಯಾಲ ಕುಂತು ಉಳ್ಳಾಗಡ್ಡಿ ಹೆಚ್ಚಗೊಂತ ಫೋನಿನಾಗ ಮಾತಾಡಾಕತ್ತಿದ್ರು ನೋಡ್ರಿ” ಅಂದ. ಊರಿನ ಕರೆಂಟ್ ಹೋದರೂ ನಿನ್ನ ಕಣ್ಣೀರಿನ ಸಪ್ಲೈ ನಿಂತಿರಲಿಲ್ಲ. ನಿನ್ನ ಕಣ್ಣಿಗೆ ಉಳ್ಳಾಗಡ್ಡಿ, ನನ್ನ ಕಣ್ಣಿಗೆ ಮಣ್ಣು.

ಮನೆಗೆ ಬಂದು ನಿನ್ನ ಸೊಸೆ ಕಸ್ತೂರಿಗೆ ಫೋನ್ ಹಚ್ಚಿದೆ. ಪಾಪ, ಅವಳಿಗೆ ಸುಳ್ಳು ಬರುವುದಿಲ್ಲ. “ಅತ್ತಿ ಪ್ರತಿ ವಾರ ನನ್ನ ಮೊಬೈಲಿನಾಗ ಮೊದಲೇ ನೋಡ್ತಾರ್ರೀ ಮಾಮಾ. ದವಾಖಾನಿ ಸೀನ್ ಇದ್ರ ನಿಮಗ ಬ್ಯಾಡ ಅಂತಾರ” ಅಂದಳು. ಹಾಗಾದರೆ ನೀನು “ಅದು ಬ್ಯಾಡ, ಬರೇ ಹೊಡೆದಾಟ” ಎಂದು ತಳ್ಳಿಹಾಕಿದ ಸಿನಿಮಾಗಳಲ್ಲಿ ಯಾರೂ ಯಾರಿಗೂ ಹೊಡೆದಿರಲಿಲ್ಲ! ನನಗೆ ತಿಳಿಯದಂತೆ ನನ್ನ ಮನೆಯ ಟಿವಿಗೆ ಕತ್ತರಿ ಹಾಕಿದ್ದೀ. ನಾನೇನು ತೊಟ್ಟಿಲ ಕೂಸೇ? ಜೊತೆಗೆ ನೋಡುತ್ತಿದ್ದೇವೆ ಅಂದುಕೊಂಡು ನಾನು ನಕ್ಕದ್ದೆಲ್ಲ ನಿನಗೆ ಹಳೆಯ ನಗು. ಅದೇ ಹೆಚ್ಚು ಚುಚ್ಚಿದ್ದು.

ನಿನಗೆ ಗೊತ್ತಿರಲಿ: ನೀನು ಬೇಡವೆಂದಿದ್ದ ಬುಧವಾರ ಸಂಜೆಯ ಸಿನಿಮಾವನ್ನು ಬೇಕೆಂದೇ ಹಾಕಿ, ಒಬ್ಬನೇ ಕೊನೆಯವರೆಗೂ ನೋಡಿದೆ. ದವಾಖಾನೆಯೂ ಬಂತು, ಹಾಸಿಗೆಯೂ ಬಂತು. ವಿಮರ್ಶಕನಂತೆ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದೆ. ಕಣ್ಣು ಒಣ ಬಾವಿ.

ಇನ್ನು ಈ ವಾರದ ಶಿಫಾರಸು, ಕದ್ದ ಪುಟ ಸುಮ್ಮನೆ ಹೋಗಬಾರದೆಂದು. ನಾಳೆ ಸಂಜೆ ಅಣ್ಣತಂಗಿಯರ ಸಿನಿಮಾ ಇದೆ. ಒಡಹುಟ್ಟಿದವರನ್ನು ನಂಬಿಸಿ ಕೈಬಿಟ್ಟವರು ತಪ್ಪದೇ ನೋಡತಕ್ಕದ್ದು. ರವಿವಾರ ಮಧ್ಯಾಹ್ನ ಮುದುಕನೊಬ್ಬ ಮನೆಬಿಟ್ಟು ಹೋಗುವ ಕಥೆ. ಯಾಕೆ ಹೋಗುತ್ತಾನೋ ಪೇಪರಿನಲ್ಲಿಲ್ಲ, ಅಕ್ಕನೊಬ್ಬಳು ಇರಬೇಕು. ಸೋಮವಾರದ್ದು ಬರೇ ಹೊಡೆದಾಟ, ನಿಜವಾಗಿಯೂ. ಯಾವುದನ್ನಾದರೂ ನೋಡು, ನಿನ್ನ ಪಾಡಿಗೆ. ನನ್ನ ಫೋನ್ ಬರುವುದಿಲ್ಲ.

ಮಾವನವರಿಗೆ ನಮಸ್ಕಾರ, ಕಸ್ತೂರಿಗೆ ಆಶೀರ್ವಾದ. ನಿನಗೆ ಅರ್ಧ ನಮಸ್ಕಾರ. ಉಳಿದರ್ಧ ವಿಚಾರಣೆ ಮುಗಿದ ಮೇಲೆ.

ಮೋಸಹೋದ ತಮ್ಮ,
ವಿವೇಕ

ತಾ.ಕ.: ದೌಲಪ್ಪ ಈ ಪತ್ರಕ್ಕಾಗಿ ಬಾಗಿಲಲ್ಲಿ ನಿಂತಿದ್ದಾನೆ, ಬಸ್ಸಿಗೆ ಹೊತ್ತಾಯಿತಂತೆ. ಬುಧವಾರ ಕೊನೆಯವರೆಗೂ ಇದ್ದದ್ದು ಟಿವಿ ಮಾತ್ರ. ಡಾಕ್ಟರು ಬಾಗಿಲು ತೆಗೆದು ಹೊರಬಂದದ್ದೇ ತಡ, ನಾನು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ನಿಂತೆ. ಆ ಹೆಣ್ಣುಮಗಳು ಬದುಕಿದಳೇನಕ್ಕಾ? ನೀನು ನೋಡಿರುತ್ತೀಯಲ್ಲ, ಫೋನ್ ಮಾಡಿ ಹೇಳು. ರವಿವಾರದ್ದನ್ನೂ ಮೊದಲು ನೀನೇ ನೋಡು.