ಬೊಮ್‌ಗೋಲ್‌ನಲ್ಲಿ ತಲೆಬಾಗಿದ ಹುಲಿ

ಬೊಮ್‌ಗೋಲ್
೨೦೧೯ ನವೆಂಬರ್ ೧೬, ಶನಿವಾರ

ದಾಮಿಯ ಅಮ್ಮನಿಗೆ,

ನೀನು ಮಗಳನ್ನು ಕರೆದುಕೊಂಡು ತವರಿಗೆ ಹೋಗಿ ಹನ್ನೊಂದು ದಿನವಾಯಿತು. ನೂರು ಎಲೆಕೋಸು ಅಂಗಳದಲ್ಲಿ ಹಾಗೇ ಬಿದ್ದಿವೆ. ನಾನು ಚೆನ್ನಾಗಿದ್ದೇನೆ.

ಈ ವರ್ಷ ಚಳಿಗಾಲದ ಕಿಮ್ಚಿ, ಆ ಕೋಸಿನ ಉಪ್ಪಿನಕಾಯಿಯನ್ನು, ಮನೆಯಲ್ಲಿ ಹಾಕದೆ ಅಂಗಡಿಯಿಂದ ತರೋಣ ಎಂದು ನೀನು ಹೇಳಿದ್ದು ತಪ್ಪಲ್ಲ. ಅದಕ್ಕೆ ನಾನು, "ಹುಲಿಯೇ ತಲೆಬಾಗಿದ ಊರಿನ ಸೊಸೆ ಆಡೋ ಮಾತಾ ಇದು?" ಎಂದದ್ದು ತಪ್ಪು. "ಹಾಗಾದ್ರೆ ಆ ಹುಲೀನೇ ಕರೀರಿ ಅತ್ತೆ, ಕೋಸು ತೊಳೀಲಿ" ಎಂದು ನೀನು ಹೊರಟುಬಿಟ್ಟೆ. ನಾಲ್ಕು ದಿನ ಸಿಟ್ಟಿತ್ತು. ಐದನೆಯ ದಿನ ನಗು ಬಂತು. ಜೊತೆಗೆ ನಗಲು ಮನೆಯಲ್ಲಿ ನಿನ್ನ ಗಂಡನೊಬ್ಬನೇ ಇದ್ದ, ಅವನಿಗೆ ಅರ್ಥವಾಗಲಿಲ್ಲ.

ಆ ಹುಲಿಯ ವಿಷಯ ಹೇಳಬೇಕು. ೧೯೭೪ರಲ್ಲಿ, ನಾನು ಮದುವೆಯಾಗಿ ಬಂದ ಎರಡನೆಯ ವರ್ಷ, ಊರುಗಳ ಹೆಸರಿನ ಮೂಲ ಬರೆದುಕೊಳ್ಳಲು ಸರ್ಕಾರದ ಒಬ್ಬ ಗುಮಾಸ್ತ ಬಂದ. ಈ ಊರಿಗೆ ಬೊಮ್‌ಗೋಲ್, ಅಂದರೆ ಹುಲಿಕಣಿವೆ, ಎಂಬ ಹೆಸರು ಹೇಗೆ ಬಂತು ಎಂದು ಕೇಳಿದ. ಬೆಳ್ಳುಳ್ಳಿ ಸುಲಿಯುತ್ತಿದ್ದ ನನ್ನ ಅತ್ತೆ, "ಸೊಸೆ ಓದಿದೋಳು, ಅವಳನ್ನೇ ಕೇಳಿ" ಎಂದರು. ಅಂದು ಬೆಳಿಗ್ಗೆ ನಾನು ಅನ್ನ ಸೀಯಿಸಿದ್ದೆ. ಅವರನ್ನು ಒಲಿಸಿಕೊಳ್ಳಬೇಕಿತ್ತು, ನಿಂತಲ್ಲೇ ಒಂದು ಕಥೆ ಕಟ್ಟಿದೆ. ಕಾಯಿಲೆ ಬಿದ್ದ ಅತ್ತೆಯೊಬ್ಬಳು ಚಳಿಗಾಲದಲ್ಲಿ ಹಣ್ಣು ಬಯಸಿದಳು, ಸೊಸೆ ಹಿಮದಲ್ಲಿ ಬೆಟ್ಟ ಹತ್ತಿದಳು, ಅವಳ ಭಕ್ತಿ ಕಂಡು ಹುಲಿ ತಲೆಬಾಗಿ ಬೆನ್ನ ಮೇಲೆ ಕೂರಿಸಿಕೊಂಡು ಹಣ್ಣಿದ್ದಲ್ಲಿಗೆ ಒಯ್ದಿತು ಎಂದೆ. ಯಾವ ಹಣ್ಣು ಎಂದ ಗುಮಾಸ್ತ. ಸ್ಟ್ರಾಬೆರಿ ಎಂದೆ. ಅದನ್ನೂ ಬರೆದುಕೊಂಡ.

ಅನ್ನದ ಮಾತು ಅಂದಿಗೆ ಮುಗಿಯಿತು. ಆದರೆ ಕಥೆ ಪುಸ್ತಕದಲ್ಲಿ ಅಚ್ಚಾಯಿತು. ನಿನ್ನ ಗಂಡ ಶಾಲೆಯಲ್ಲಿ ಅದನ್ನು ಒಪ್ಪಿಸಿ ಪೆನ್ಸಿಲ್ ಡಬ್ಬಿ ಗೆದ್ದ. ಮುಂದೆ ಇಪ್ಪತ್ತಾರು ವರ್ಷ, ಅನ್ನ ಸೀದಾಗಲೆಲ್ಲ ಅತ್ತೆ ನನಗೆ ಆ ಸೊಸೆಯನ್ನೇ ಎತ್ತಿ ತೋರಿಸಿದರು. ನನ್ನನ್ನು ಕಚ್ಚಿದ ಹುಲಿಯನ್ನು ನಾನು ನಿನ್ನ ಮೇಲೂ ಬಿಟ್ಟೆ.

ಈಗ ಊರಿನವರು ಆ ಕಥೆಯನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ, ಸ್ಟ್ರಾಬೆರಿ ಸಮೇತ. ಸೋಮವಾರ ಅನಾವರಣ. ಹಿರಿಯಳೆಂದು ನಾನೇ ಮೈಕಿನ ಮುಂದೆ ಕಥೆ ಹೇಳಬೇಕಂತೆ. ನಿಜ ಹೇಳುವುದೆಂದು ತೀರ್ಮಾನಿಸಿದ್ದೇನೆ. ಮುಂದಿನ ಸಾಲಿನಲ್ಲಿ ನೀನು ಕೂತಿದ್ದರೆ ಧೈರ್ಯ ಬರುತ್ತದೆ. ಎಂಬತ್ತು ಕೋಸನ್ನು ನೆರೆಯವರಿಗೆ ಕೊಟ್ಟುಬಿಡುತ್ತೇನೆ. ಉಳಿದ ಇಪ್ಪತ್ತರ ಮಾತನ್ನು ನೀನು ಬಂದ ಮೇಲೆ ಆಡೋಣ.

ನಿನ್ನ ಅತ್ತೆ,
ಪಿಲ್‌ಸುನ್

ತಾ.ಕ.: ನನ್ನ ಅತ್ತೆ ತೀರಿಕೊಂಡ ವಾರ, ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ಆ ಹುಲೀನ ಎಲ್ಲಿಂದ ತಂದ್ಯೇ?" ಎಂದರು. ಇದೇ ಕಣಿವೆಯಲ್ಲಿ ಹುಟ್ಟಿ ಬೆಳೆದ ಅವರಿಗೆ ಅಂಥ ಕಥೆಯೇ ಇಲ್ಲವೆಂದು ಮೊದಲ ದಿನದಿಂದಲೇ ಗೊತ್ತಿತ್ತು. ಸೋಮವಾರ ಮೈಕಿನಲ್ಲಿ, ಈ ಸುಳ್ಳಿನ ಪಾಲುದಾರರೆಂದು ಅವರ ಹೆಸರನ್ನೂ ಹೇಳುವವಳಿದ್ದೇನೆ.