ಗಾಲ್ವೇಯಲ್ಲಿ ಆಂಟಿ ತೆಗೆದ ಫೋಟೊ

ಕೃಪಾ,

ಐರ್ಲೆಂಡಿಗೆ ಹೋದರೆ ಗಾಲ್ವೇಯಲ್ಲಿ ಎಲ್ಲಿ ಊಟ ಮಾಡಬೇಕೆಂದು ಭಾನುಮತಿ ಆಂಟಿ ಇವತ್ತು ಇಲ್ಲಿ ನಮ್ಮ ಸ್ಯಾಂಡ್ರಿಂಗಮ್ ಬಡಾವಣೆಯ ದೋಸೆ ಹೋಟೆಲಿನಲ್ಲಿ ನಮಗೆಲ್ಲ ಹೇಳುತ್ತಿದ್ದರು. ಅವರು ಅಲ್ಲಿಗೆ ಬಂದಿದ್ದಾಗ ನೀನೇ ಅವರನ್ನು ಬಂದರಿನ ಹತ್ತಿರ ಕರೆದುಕೊಂಡು ಹೋದೆಯಂತೆ. ಅವರ ಸೂಪಿಗೆ ಮೀನು ಬೇಯಿಸಿದ ನೀರು ಹಾಕಿಲ್ಲ ತಾನೇ ಎಂದು ಅಡುಗೆಮನೆಗೇ ಹೋಗಿ ವಿಚಾರಿಸಿದೆಯಂತೆ.

“ಜಾಗ ಚೆನ್ನಾಗಿದೆ ಕಣ್ರೀ. ಆದ್ರೆ ಇವಳು ಏನು ತಿಂತಿದ್ಲು ನೋಡಿ,” ಎಂದು ಫೋನು ತೆಗೆದರು. ನಿನಗೆ ಗೊತ್ತಾಗದಂತೆ ತೆಗೆದ ಫೋಟೊ. ನಿನ್ನ ಕೈಯಲ್ಲಿ ಚಿಪ್ಪಿನ ಸಮೇತ ಹಸಿ ಆಯ್‌ಸ್ಟರ್ ಮಾಂಸ, ಮುಖದ ತುಂಬ ನಗು.

“ಅವರಮ್ಮ ಮೊಟ್ಟೆ ಹಾಕಿದ ಕೇಕನ್ನೇ ಮನೆಯೊಳಗೆ ಬಿಡಲ್ಲ,” ಎಂದು ಶ್ರೀನಿವಾಸ್ ಅಂಕಲ್ ಬಾಯಿ ತುಂಬ ದೋಸೆ ಇಟ್ಟುಕೊಂಡೇ ನಕ್ಕರು. ಫೋನು ಮೇಜು ಸುತ್ತಿ ಬಂತು. ನಿನ್ನ ಮುಖದ ಮೇಲೆ ಅವರೆಲ್ಲರ ಬೆರಳಿನ ಜಿಡ್ಡು ನೋಡಿ ನನಗೆ ಹೇಸಿಗೆಯಾಯಿತು.

ಫೋನು ನನ್ನ ಕೈಗೆ ಬಂದಾಗ ಮೇಜಿನ ಕೆಳಗೆ ಹಿಡಿದು ಫೋಟೊ ಅಳಿಸಿದೆ. ಕೈತಪ್ಪಿ ಹೋಯಿತು ಎಂದೆ.

“ಹೋಗ್ಲಿ ಬಿಡಮ್ಮ,” ಎಂದರು ಆಂಟಿ. “ಅವರಮ್ಮಂಗೆ ಅವತ್ತೇ ಕಳಿಸಿದೀನಿ.”

ನಿಮ್ಮಮ್ಮ ನಿನ್ನ ಜೊತೆ ಮಾತಾಡುತ್ತಿದ್ದಾರಾ ಎಂದು ಕೇಳಲು ನಮ್ಮ ಒಡನಾಟ ತಪ್ಪಿದ ಮೇಲೆ ನನ್ನ ಹತ್ತಿರ ಈಗ ನಿನ್ನ ನಂಬರೂ ಇಲ್ಲ. ಆಂಟಿ ತಾವು ತಿನ್ನುತ್ತಿದ್ದ ಕೇಸರಿಬಾತನ್ನು ಅದೇ ಕೈಯಿಂದ ನನ್ನ ತಟ್ಟೆಗೆ ಹಾಕಿದರು. ತಿಂದೆ.