ಮನೆ-ಬಸ್ಸು ನಿಲ್ಲಿಸಲು ನೋಡಿದ ಜಾಗಗಳು

ಉಳವಿ, ಸೊರಬ ತಾಲೂಕು
10ನೇ ಮಾರ್ಚ್ 1996, ಭಾನುವಾರ

ಸೋದರಳಿಯ ಹರ್ಷವರ್ಧನನಿಗೆ ನಿನ್ನ ಮಾವ ಗುತ್ಯಪ್ಪ ಬರೆಯುವುದು. ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ, ಆಮೇಲೆ ಹೊಡೆದು ಹಾಕಿದೆ. ಮೇಲಿನ ಶಾಯಿ ಕಲೆ ಅದೇ.

ಆರೋಗ್ಯವಾಗಿದ್ದೀಯಾ? ಇದನ್ನು ಕೇಳುತ್ತಿರುವವಳು ನಿನ್ನ ಅಮ್ಮ, ನಾನಲ್ಲ. ದಿನವಿಡೀ ಸ್ಟೇರಿಂಗ್ ಹಿಡಿದು ಕೂತರೆ ಸೊಂಟ ಹಿಡಿಯುತ್ತದಂತೆ, ಬಿಸಿನೀರು ಹಾಕಿಕೊಳ್ಳಬೇಕಂತೆ, ಗೋವಾದ ಉಪ್ಪುಗಾಳಿಗೆ ತಲೆಗೆ ಎಣ್ಣೆ ತಪ್ಪಿಸಬಾರದಂತೆ. ನನ್ನ ಕ್ಷೇಮವನ್ನು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ: ಗಟ್ಟಿಯಾಗಿದ್ದೇನೆ. ಭತ್ತದ ಮೂಟೆಯನ್ನು ಈಗಲೂ ಒಬ್ಬನೇ ಬೆನ್ನಿಗೇರಿಸುತ್ತೇನೆ. ಈ ವಯಸ್ಸಿನಲ್ಲಿ ಹಾಗೆ ಎತ್ತುವವನು ಸುತ್ತಲ ಊರುಗಳಲ್ಲಿ ಇನ್ನೊಬ್ಬ ಇದ್ದರೆ ಕರೆದುಕೊಂಡು ಬಾ, ಮೀಸೆ ಬೋಳಿಸುತ್ತೇನೆ.

ಅಮ್ಮನಿಗೆ ನೀನು ಬರೆದ ಕಾಗದ ಬಂತು. ತುಂಗಮ್ಮನಿಗೆ ಓದಲು ಬರುವುದಿಲ್ಲ ಎಂಬುದು ಗೋವಾಕ್ಕೆ ಹೋದ ಮೇಲೆ ಮರೆತುಹೋಯಿತೇನು? ಮಂಗಳ ಓದಿ ಹೇಳಿಯಾಳು ಎಂದು ನೀನು ಎಣಿಸಿರಬೇಕು. ನನ್ನ ಮಗಳು ಆಗ ಹೊಲಿಗೆ ಕ್ಲಾಸಿಗೆ ಹೋಗಿದ್ದಳು. ಎಂದಿನಂತೆ ಜಗಲಿಯ ಮೇಲೆ ಕೂತು, ಕನ್ನಡಕ ಏರಿಸಿ, ನಾಲ್ಕು ಜನರ ಮುಂದೆ ನಾನೇ ಗಟ್ಟಿಯಾಗಿ ಓದಿದೆ. ಏಪ್ರಿಲ್‌ನಲ್ಲಿ ಕಂಪನಿಯ ಬಸ್ಸಿನಲ್ಲಿ ಆರು ಮಂದಿ ಬಿಳಿ ಜನರನ್ನು ಶಿಕಾರಿಪುರ, ಸೊರಬದ ಕಡೆ ಕರೆತರುತ್ತೀಯ, ಬಸ್ಸಿನೊಳಗೇ ಒಲೆಯಿದೆ, ಹಾಸಿಗೆಯಿದೆ, ರಾತ್ರಿ ನಿಲ್ಲಿಸಲು ಒಳ್ಳೆಯ ಜಾಗ ಬೇಕು ಎಂದು ಓದುವಾಗ ಎಲ್ಲರೂ ಬಾಯಿ ಬಿಟ್ಟು ಕೇಳುತ್ತಿದ್ದರು. ನಾನು ಏಳನೇ ಕ್ಲಾಸು ಪಾಸಾದವನು, ನನ್ನ ಓದಿನ ಧಾಟಿಯೇ ಬೇರೆ. ಅದೇ ಧಾಟಿಯಲ್ಲಿ ಮುಂದಿನ ಸಾಲಿಗೂ ಇಳಿದುಬಿಟ್ಟೆ: “ಜಾಗ ನೋಡೋಕೆ ಯಾರನ್ನಾದರೂ ಕಳಿಸು, ಆ ಬಾಯಿಬಡುಕ ಮಾವನನ್ನು ಮಾತ್ರ ಬೇಡ.” ಪಕ್ಕದ ಮನೆ ಯಲ್ಲಪ್ಪ ಕೆಮ್ಮಿದ. ನಿನ್ನ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ, ನೋಡಿದರೆ ನಗುತ್ತಿದ್ದಳು. ಆಗಲೇ ತೀರ್ಮಾನ ಮಾಡಿದೆ, ಹೋಗುವವನು ನಾನೇ ಎಂದು.

ಜಾಗದ ಮಾತಿಗೆ ಮುಂಚೆ ಇನ್ನೊಂದು ಸುದ್ದಿ. ಮಂಗಳನಿಗೆ ಗಂಡು ಗೊತ್ತಾಗಿದೆ. ಶಿಕಾರಿಪುರದ ನಾಗರಾಜ, ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು. ನಿನಗಿಂತ ಎತ್ತರ, ನಿನಗಿಂತ ಬಣ್ಣ, ಮಾತು ಮಾತ್ರ ನಿನಗಿಂತ ಕಡಿಮೆ. ಅವಳೇ ಒಪ್ಪಿದ್ದಾಳೆ. ನಾಲ್ಕು ವರ್ಷದ ಹಿಂದೆ ನಿಮ್ಮಿಬ್ಬರ ಮದುವೆ ಮಾತಿಗೆಂದು ನೆಂಟರೆಲ್ಲ ಕೂತಿದ್ದಾಗ ನೀನು ಎದ್ದು ನಿಂತು “ಮಂಗಳಾನ ನಾ ತಂಗಿ ಅಂದ್ಕಂಡಿದೀನಿ, ಮದ್ವೆ ಆಗಲ್ಲ” ಎಂದೆಯಲ್ಲ, ಆವತ್ತಿನ ಹೋಳಿಗೆಯನ್ನೆಲ್ಲ ಎಮ್ಮೆಗೆ ಹಾಕಿದೆ. ನಾನೂ ಸುಮ್ಮನೆ ಬಿಡಲಿಲ್ಲ. “ಇನ್ಮೇಲೆ ನನ್ ಅಂಗಳಕ್ಕೆ ಕಾಲಿಟ್ರೆ ಮುರಿದು ಕೈಗೆ ಕೊಡ್ತೀನಿ” ಎಂದೆ. ಆ ಮಾತು ಇವತ್ತಿಗೂ ಹಾಗೆಯೇ ಇದೆ. ಗುತ್ಯಪ್ಪನ ಮಾತು ತುಕ್ಕು ಹಿಡಿಯುವುದಿಲ್ಲ.

ಈಗ ಗಂಡಿನ ದೊಡ್ಡಪ್ಪ ಶೇಷಪ್ಪನವರು ಒಂದು ಕೊಕ್ಕೆ ಹಾಕಿದ್ದಾರೆ. ನಮ್ಮ ಪದ್ಧತಿ ನಿನಗೆ ಗೊತ್ತಿರುವುದೇ. ಸೋದರತ್ತೆಯ ಮಗ ಹಕ್ಕುದಾರ. ಹೆಣ್ಣು ಬೇರೆ ಮನೆಗೆ ಹೋಗುವುದಾದರೆ ಅವನು ಹೆಣ್ಣಿನ ಅಪ್ಪನ ಕೈಯಿಂದ ವೀಳ್ಯ ತೆಗೆದುಕೊಂಡು, ಎಲ್ಲರೆದುರು ‘ಹಕ್ಕು ಬಿಟ್ಟೆ’ ಎನ್ನಬೇಕು. ಆಮೇಲೆಯೇ ಧಾರೆ. “ಆ ಹುಡುಗ ಬಂದು ಬಾಯಿಬಿಟ್ಟು ಹೇಳ್ಲಿ. ನಾಳೆ ಬಂದು ತಕರಾರು ತೆಗದ್ರ ನಾವೇನ್ ಮಾಡೋಣ್ರೀ? ಅವ ಬರ್ಲಿಲ್ಲಂದ್ರ ನಮ್ ಗಾಡಿ ವಾಪಸ್” ಎಂದು ಹಟ ಹಿಡಿದಿದ್ದಾರೆ. “ಅದಕ್ಕೆ ಬೇರೆ ದಾರಿ ಐತೆ, ನೀವು ನಿಶ್ಚಿಂತೆಯಾಗಿರ್ರೀ” ಎಂದು ಎದೆ ತಟ್ಟಿ ಹೇಳಿ ಕಳಿಸಿದ್ದೇನೆ. ನೀನು ಬರದಿದ್ದರೆ ಮದುವೆ ನಿಲ್ಲುತ್ತದೆ ಎಂದು ಬೀಗಬೇಡ. ನಿನ್ನ ಕೈಕಾಲು ಹಿಡಿಯುವವನು ನಾನಲ್ಲ.

ಈಗ ನಿನ್ನ ಜಾಗಗಳು. ಏನು ಷರತ್ತಯ್ಯಾ ನಿನ್ನದು! ನೆಲ ಸಮತಟ್ಟಾಗಿರಬೇಕು, ಬಸ್ಸಿನ ಭಾರಕ್ಕೆ ಕುಸಿಯಬಾರದು, ಬಿಸಿಲಿಗೆ ನೆರಳಿರಬೇಕು, ಹತ್ತಿರವೇ ಸಿಹಿನೀರು ಬೇಕು, ಜನ ಮುತ್ತಬಾರದು, ಹಕ್ಕಿ ಕಾಣಬೇಕು. ಅಂಥ ಜಾಗ ಸಿಕ್ಕಿದ್ದರೆ ಈ ಮನೆಯವರ ಕಾಟ ಬಿಟ್ಟು ನಾನೇ ಅಲ್ಲಿ ಹೋಗಿ ಇರುತ್ತಿದ್ದೆ.

ಶಿಕಾರಿಪುರದಲ್ಲಿ ಕೆರೆ ಏರಿಯ ಕೆಳಗೆ ಒಂದು ಬಯಲು ಇದೆ. ನೀರಿದೆ, ನೆಲವೂ ಗಟ್ಟಿ. ಆದರೆ ಬೆಳಗಾದರೆ ಅಲ್ಲಿ ಕ್ರಿಕೆಟ್ ಪಡೆ. ನಾನು ನಿಂತು ಬೀಡಿ ಹಚ್ಚುವಷ್ಟರಲ್ಲಿ ಚೆಂಡು ಬಂದು ನನ್ನ ಸೈಕಲ್ಲಿನ ಬೆಲ್ಲಿಗೆ ಬಡಿಯಿತು. “ತಾತಾ, ಚೆಂಡು ಒಗೀರಿ” ಎಂದವು. ಎಷ್ಟು ದೂರ ಒಗೆದೆನೆಂದರೆ ಇನ್ನೂ ಹುಡುಕುತ್ತಿರಬೇಕು. ನಿನ್ನ ಬಸ್ಸಿಗಿರುವ ಗಾಜೆಲ್ಲ ಅಲ್ಲಿ ಒಂದೇ ದಿನಕ್ಕೆ ಪುಡಿ. ಆದರೆ ಆಗಲಿ, ನನಗೇನು?

ಅಲ್ಲಿಂದ ಈಸೂರಿಗೆ ಹೋದೆ. ನಲವತ್ತೆರಡರಲ್ಲಿ ಬ್ರಿಟಿಷರಿಗೇ ಎದುರು ನಿಂತ ಊರು. ನಿನ್ನ ಆರು ಮಂದಿಯಲ್ಲಿ ಇಬ್ಬರು ಇಂಗ್ಲೆಂಡಿನವರು ಎಂದು ಬರೆದಿದ್ದೀಯ, ಬುದ್ಧಿ ಇದೆಯೇನೋ ನಿನಗೆ? ಊರಿನ ಹಿರಿಯ ಕೆಂಪಪ್ಪನವರ ಮುಂದೆ ವಿಷಯ ಎತ್ತಿದೆ. “ಇಂಗ್ಲೆಂಡಿನೋರಾ?” ಎಂದವರೇ ಕೋಲು ಊರಿ ಎದ್ದು ನಿಂತರು. ಮುಂದೇನಾಯಿತು ಎಂದು ಕಾಗದದಲ್ಲಿ ಬರೆಯುವಂತಿಲ್ಲ. ಆ ಜಾಗ ಮರೆತುಬಿಡು.

ಗುಡವಿಯ ಹಕ್ಕಿಧಾಮದ ಕೆರೆಗೆ ಯಲ್ಲಪ್ಪನನ್ನೂ ಕರೆದುಕೊಂಡು ಹೋದೆ. ಮಳೆಗಾಲದಲ್ಲಿ ಬಂದಿದ್ದ ಹಕ್ಕಿಗಳು ಮರಿ ಕಟ್ಟಿಕೊಂಡು ಹೊರಟುಹೋಗಿವೆ. ಉಳಿದಿರುವ ನಾಲ್ಕಾರು ನಿನ್ನ ಅಮ್ಮನ ಹಾಗೆ ಕತ್ತು ಚಾಚಿ ದಾರಿ ನೋಡುತ್ತಾ ಕೂತಿವೆ. ಕೆರೆಯಂಚು ಒಣಗಿ ಬಿರುಕು ಬಿಟ್ಟಿದೆ, ನೋಡಿದರೆ ಸಿಮೆಂಟು. ಪೇಟೆಯವನಾಗಿದ್ದರೆ ಮೋಸ ಹೋಗುತ್ತಿದ್ದ. ನಾನು ಅಲ್ಲೇ ಒಬ್ಬರ ಎತ್ತಿನ ಗಾಡಿ ಇಸಕೊಂಡು, ಕಲ್ಲು ಹೇರಿ, ಸಾಲದ್ದಕ್ಕೆ ಯಲ್ಲಪ್ಪನನ್ನೂ ಮೇಲೆ ಕೂರಿಸಿ ಹೊಡೆದೆ. ಹತ್ತು ಮಾರು ಹೋಗುವಷ್ಟರಲ್ಲಿ ಹಪ್ಪಳ ಮುರಿದ ಹಾಗೆ ಮೇಲ್ಮಣ್ಣು ಮುರಿದು ಗಾಲಿ ಅರ್ಧ ಹೂತುಹೋಯಿತು. ಎತ್ತು ಬಿಚ್ಚಿ, ಭುಜ ಕೊಟ್ಟು ನಾನೊಬ್ಬನೇ ಗಾಡಿ ಎತ್ತಿದೆ. ಊರಿನವರೆಲ್ಲ ಸೇರಿ ಹಗ್ಗ ಹಾಕಿ ಎಳೆದರು ಎಂದು ಯಲ್ಲಪ್ಪ ಹೇಳಿಕೊಂಡು ತಿರುಗುತ್ತಿದ್ದಾನೆ. ಅವನು ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದಿದ್ದ, ಅವನಿಗೇನು ಕಂಡೀತು?

ಸೊರಬದ ಸಂತೆ ಮೈದಾನವನ್ನೂ ಬಿಡಲಿಲ್ಲ. ಅಲ್ಲಿ ರಾತ್ರಿ ನಾಯಿಗಳ ರಾಜ್ಯ. ಒಣಮೀನು ಮಾರುವ ಜಾಗದ ಪಕ್ಕ ಬಸ್ಸು ನಿಲ್ಲಿಸಿದರೆ ನಿನ್ನ ಬಿಳಿ ಜನ ಮೂಗು ಮುಚ್ಚಿಕೊಂಡೇ ಗೋವಾ ಸೇರಬೇಕು.

ಒಟ್ಟಿನಲ್ಲಿ ಈ ಸೀಮೆಯಲ್ಲಿ ನಿನಗೆ ಜಾಗವಿಲ್ಲ. ಇನ್ಯಾರನ್ನು ಕಳಿಸಿದ್ದರೂ ಇಷ್ಟು ಬೆವರು ಸುರಿಸಿ, ಇಷ್ಟು ಕಟ್ಟುನಿಟ್ಟಾಗಿ ‘ಇಲ್ಲ’ ಎನ್ನುತ್ತಿರಲಿಲ್ಲ. ಬಾಯಿಬಡುಕನಂತೆ! ಈ ನಾಲ್ಕು ವರ್ಷದಲ್ಲಿ ಅಮ್ಮನಿಗೆ ನೀನು ಬರೆದ ಕಾಗದಗಳನ್ನೆಲ್ಲ ಓದಿ ಹೇಳಿದ್ದು ಇದೇ ಬಾಯಿ. ‘ಮಾವ ಹೇಗಿದ್ದಾನೆ’ ಎಂಬ ಸಾಲು ಒಂದರಲ್ಲೂ ಇರಲಿಲ್ಲ. ಅವಳ ಸಮಾಧಾನಕ್ಕೆ ನಾನೇ ಸೇರಿಸಿ ಓದುತ್ತಿದ್ದೆ.

ಅಮ್ಮನ ಪೂರ್ತಿ ಆಶೀರ್ವಾದ, ನನ್ನದು ಅರ್ಧ. ಉಳಿದರ್ಧ ನಿನ್ನ ನಡತೆ ನೋಡಿಕೊಂಡು.

ನಿನ್ನ ಸೋದರಮಾವ
ಗುತ್ಯಪ್ಪ

ವಿ.ಸೂ.: ಮಂಗಳ ಬೆನ್ನ ಹಿಂದೆ ನಿಂತು ಎಲ್ಲ ಓದಿದ್ದಾಳೆ. “ಅಪ್ಪಾ, ಈಸೂರಿನ ಸುಳ್ಳು ತಿದ್ದು, ಇಲ್ದಿದ್ರೆ ಅಂಚೆಗೆ ಹಾಕಕೆ ಬಿಡಲ್ಲ” ಎನ್ನುತ್ತಿದ್ದಾಳೆ. ಬಸ್ಸಿಗೆ ಹೊರಟ ಯಲ್ಲಪ್ಪ ಕಾಗದಕ್ಕಾಗಿ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಕೆಂಪಪ್ಪನವರು ಕೋಲು ಊರಿ ಎದ್ದದ್ದು ಮಾವಿನ ತೋಪು ತೋರಿಸಲು. “ಬರ್ಲಿ ಬಿಡ್ರೀ, ಆಗಿನೋರು ಮಾಡಿದ್ದಕ್ಕ ಈ ಹುಡುಗ್ರದೇನ್ ತಪ್ಪೈತಿ? ನೆರಳೈತಿ, ಬಾವಿ ನೀರು ಸಿಹಿ ಐತಿ” ಎಂದರು. ನೀನು ಕೇಳಿದ್ದೆಲ್ಲ ಅಲ್ಲಿತ್ತು. “ಬ್ಯಾಡ್ರೀ, ಅವ್ರು ನಮ್ಮನೇಲೇ ಇಳ್ಕಳ್ತಾರೆ” ಎಂದು ನಾನೇ ಹೇಳಿ ಬಂದೆ. ಶೇಷಪ್ಪನವರಿಗೆ ಹೇಳಿದ ಬೇರೆ ದಾರಿಯೂ ಇಲ್ಲ. ಧಾರೆ ಏಪ್ರಿಲ್ 21ರ ಭಾನುವಾರ ಬೆಳಿಗ್ಗೆ. ಹಿಂದಿನ ಸಂಜೆಯೇ ಬಸ್ಸು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸು. ಬೇಲಿ ಕಿತ್ತು ದಾರಿ ಅಗಲ ಮಾಡಿದ್ದೇನೆ, ಹಲಸಿನ ಮರದ ತಗ್ಗು ಕೊಂಬೆ ಕಡಿಸಿದ್ದೇನೆ, ಕಲ್ಲು ಹೇರಿದ ಗಾಡಿ ಓಡಿಸಿ ನೋಡಿದ್ದೇನೆ, ನೆಲ ಕುಸಿಯುವುದಿಲ್ಲ. ನಾನು ಅಂದದ್ದು ಕಾಲಿಡಬೇಡ ಎಂದು, ಚಕ್ರದ ಮಾತು ಎತ್ತಿರಲಿಲ್ಲ. ನೀನು ಬಸ್ಸಿನ ಮೆಟ್ಟಿಲ ಮೇಲೆಯೇ ನಿಂತಿರು, ವೀಳ್ಯವನ್ನು ನಾನೇ ಅಲ್ಲಿಗೆ ತರುತ್ತೇನೆ. ಮೆಟ್ಟಿಲಿನಿಂದ ಊಟದ ಪಂಕ್ತಿಯವರೆಗೆ ನಿನ್ನ ಅಮ್ಮ ಚಾಪೆ ಹಾಸುತ್ತಾಳಂತೆ. ಚಾಪೆಯನ್ನು ನಾನು ಅಂಗಳ ಎಂದು ಹಿಡಿಯುವುದಿಲ್ಲ.